ಇಂಜಿನ್ನೂ ಒಂದು ಬೋಗಿನಾ? ಲಿಂಕ್ಡ್ ಲಿಸ್ಟಿನ ಹೆಸರುಗಳ ಬಗ್ಗೆ

ಬೆಣ್ಣೆನಗರಿ ಮಿಸ್

ದಾವಣಗೆರೆಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಸಿ ಭಾಷೆಯಲ್ಲಿ ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ವಿಧಾನಗಳು) ಹೇಳಿಕೊಡುತ್ತೇನೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅದಕ್ಕೇ ಲಿಂಕ್ಡ್ ಲಿಸ್ಟ್ (ಒಂದೊಂದು ತುಂಡೂ ಮುಂದಿನದರ ಅಡ್ರೆಸ್ ಇಟ್ಟುಕೊಂಡ ಸರಪಳಿ) ಶುರು ಮಾಡುವಾಗ ನಮ್ಮೂರ ರೈಲ್ವೆ ಗೇಟ್ ನೆನಪಿಸಿದೆ. ಗೇಟ್ ಬಿದ್ದಾಗ ಬೈಕ್ ಆಫ್ ಮಾಡಿ ಗೂಡ್ಸ್ ಬೋಗಿ ಎಣಿಸದವರು ನಮ್ಮೂರಲ್ಲಿ ಯಾರಿದ್ದಾರೆ? ಬೋಗಿ ಅಂದ್ರೆ ನೋಡ್, ಒಳಗಿನ ಮೂಟೆ ಡೇಟಾ, ನಡುವಿನ ಕೊಂಡಿ ನೆಕ್ಸ್ಟ್, ಇಂಜಿನ್ ಹೆಡ್, ಕೊನೇ ಗಾರ್ಡ್ ಡಬ್ಬಿ ಟೇಲ್. ಪಾಠ ಚೆನ್ನಾಗಿ ಹೋಯ್ತು ಅಂದುಕೊಂಡೆ.

ಹರಿಹರದಿಂದ ಬಸ್ಸಿಗೆ ಬರುವ ಹುಡುಗ ಒಬ್ಬ ಹಿಂದಿನ ಬೆಂಚಿಂದ ಕೈ ಎತ್ತಿದ. "ಮಿಸ್, ಇಂಜಿನ್ನೂ ಒಂದು ಬೋಗಿನಾ? ಎಣಿಸುವಾಗ ಅದನ್ನೂ ಸೇರಿಸ್ಬೇಕಾ?"

ಉತ್ತರ ಬರಲಿಲ್ಲ. ಬೋರ್ಡ್ ತಿರುಗಿ ನೋಡಿದರೆ ತಪ್ಪು ನಂದೇ. ಹೆಡ್ ಅನ್ನೋ ಒಂದೇ ಪದವನ್ನು ಒಮ್ಮೆ ಮೊದಲ ನೋಡ್‌ಗೆ ಬರೆದಿದ್ದೆ, ಒಮ್ಮೆ ಅದರ ಅಡ್ರೆಸ್ ಇಟ್ಟುಕೊಂಡ ಪಾಯಿಂಟರ್‌ಗೆ, ಇನ್ನೊಮ್ಮೆ ಡೇಟಾ ಇಲ್ಲದ ಖಾಲಿ ನೋಡ್‌ಗೆ. ಅದು ಸಾಲದು ಅಂತ ಪುಸ್ತಕದಲ್ಲಿ ಸ್ಟಾರ್ಟ್, ಲ್ಯಾಬ್ ಮ್ಯಾನುಯಲ್‌ನಲ್ಲಿ ಫಸ್ಟ್. ಒಂದು ಕಡೆ ನೆಕ್ಸ್ಟ್, ಇನ್ನೊಂದು ಕಡೆ ಲಿಂಕ್. ನೀವೆಲ್ಲ ಯಾವ ಹೆಸರು ಹಿಡಿದು ಹೇಳ್ತೀರಿ?

ದುರ್ಗದವನು

ಮೇಡಂ, ಮೊದಲು ಆ ಹುಡುಗನಿಗೆ ಒಂದು ಬೆಣ್ಣೆ ದೋಸೆ ಕೊಡಿಸಿ.

ಅವನು ಕೇಳಿದ್ದು ಸರಿಯಾದ ಜಾಗಕ್ಕೇ ಬಿದ್ದಿದೆ. ಇಂಜಿನ್‌ಗೆ ಕೊಂಡಿ ಇದೆ, ಮೂಟೆ ಇಲ್ಲ. ಅದು ಹೆಡರ್ ನೋಡ್. ಡಮ್ಮಿ ಅಂತಲೂ ಸೆಂಟಿನೆಲ್ ಅಂತಲೂ ಅಂತಾರೆ. ಬೋಗಿ ಲೆಕ್ಕಕ್ಕೆ ಸೇರಿಸಬಾರದು. ಹೆಡ್ ಪಾಯಿಂಟರ್ ಬೋಗಿಯೂ ಅಲ್ಲ, ಇಂಜಿನ್ನೂ ಅಲ್ಲ. ಮೊದಲ ಬೋಗಿ ಎಲ್ಲಿದೆ ಅಂತ ಬರೆದು ಜೇಬಲ್ಲಿ ಇಟ್ಟುಕೊಂಡ ಚೀಟಿ ಅದು. ಲಿಸ್ಟ್ ಖಾಲಿ ಆದರೆ ಚೀಟಿಯಲ್ಲಿ ನಲ್, ಅಂದ್ರೆ ಯಾವ ಅಡ್ರೆಸ್ಸೂ ಇಲ್ಲ. ಹೆಡರ್ ಇದ್ದರೆ ಲಿಸ್ಟ್ ಖಾಲಿಯಾದರೂ ಇಂಜಿನ್ ಒಂದೇ ನಿಂತಿರುತ್ತೆ. ಅದಕ್ಕೇ ಮೊದಲ ನೋಡ್ ತೆಗೆಯೋಕೆ ಬೇರೆ ಇಫ್ (ಷರತ್ತು) ಬರೆಯೋದು ತಪ್ಪುತ್ತೆ.

ನಾನು ಬೆಂಗಳೂರಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಡ್ರೈವರ್ ಬರೆಯುವ ಕೆಲಸದಲ್ಲಿದ್ದೇನೆ. ಅಲ್ಲಿ ಪ್ರತಿ ನೋಡ್ ಒಳಗೂ ಒಂದು ಲಿಸ್ಟ್ ಹೆಡ್ ಅನ್ನೋ ಸ್ಟ್ರಕ್ಚರ್ ಇರುತ್ತೆ. ಅದರಲ್ಲಿ ಇರೋದು ನೆಕ್ಸ್ಟ್, ಪ್ರೆವ್ (ಹಿಂದಿನದಕ್ಕೆ ಕೊಂಡಿ) ಎರಡೇ. ಲಿಸ್ಟಿನ ಹೆಡ್‌ಗೂ ಅದೇ ಟೈಪು, ಮಧ್ಯದ ಬೋಗಿಗೂ ಅದೇ ಟೈಪು. ಮೊದಲ ಸಲ ನೋಡಿದಾಗ ಎರಡು ದಿನ ತಲೆ ಕೆಟ್ಟಿತ್ತು. ಹೆಸರು ನಂಬಬೇಡಿ, ಬಾಣದ ಚಿತ್ರ ಬರೆಸಿ.

ರೈಲಿನ ಬಗ್ಗೆ ಒಂದು ತಕರಾರಿದೆ. ಬೋಗಿಗಳು ಹಳಿ ಮೇಲೆ ಸಾಲಾಗಿ ನಿಂತಿರುತ್ತವೆ, ನೋಡಿದರೆ ಅರೇ (ಮೆಮೊರಿಯಲ್ಲಿ ಪಕ್ಕಪಕ್ಕ ಇರೋ ಸಾಲು) ಥರ. ನೋಡ್‌ಗಳು ಮೆಮೊರಿಯಲ್ಲಿ ಎಲ್ಲೆಲ್ಲೋ ಇರುತ್ತವೆ. ಮಕ್ಕಳನ್ನು ನಮ್ಮ ಚಿತ್ರದುರ್ಗದ ಕೋಟೆಗೆ ಕರೆತನ್ನಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ. ಒಂದೊಂದು ಹೊಂಡ ಒಂದೊಂದು ಕಡೆ, ಆದರೂ ದಾರಿ ಇದೆ. ನೀರು ವಾಪಸ್ ಹತ್ತಲ್ಲ ಅನ್ನೋದೂ ಮುಂದಕ್ಕೆ ಮಾತ್ರ ಕೊಂಡಿ ಇರೋ ಸಿಂಗ್ಲಿ ಲಿಂಕ್ಡ್‌ಗೆ ಸರಿಹೋಗುತ್ತೆ. ಮಧ್ಯೆ ಹೊಸ ಹೊಂಡ ಸೇರಿಸೋದು ಹೇಗೆ ಅಂತ ಕೇಳಿದರೆ ಮಾತ್ರ ನಾನಿಲ್ಲ.

ಹಳೇ ಪಾಸ್ಕಲ್

ಈ ಗೊಂದಲ ಇವತ್ತಿನದಲ್ಲ ಮೇಡಂ. 1950ರ ದಶಕದ ಮಧ್ಯದಲ್ಲಿ ನ್ಯೂಯೆಲ್, ಶಾ, ಸೈಮನ್ ಅನ್ನೋ ಮೂವರು ಸಂಶೋಧಕರು ಐಪಿಎಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಈ ಲಿಸ್ಟ್ ಮಾಡಿಕೊಂಡರು. (ಕ್ರಿಕೆಟ್ ಅಲ್ಲ!) ಆಮೇಲೆ ಬಂದ ಭಾಷೆ ಲಿಸ್ಪ್‌ನಲ್ಲಿ ಮೊದಲ ಭಾಗಕ್ಕೆ ಕಾರ್ (car), ಉಳಿದದ್ದಕ್ಕೆ ಕುಡರ್ (cdr). ಐಬಿಎಂ 704 ಯಂತ್ರದಲ್ಲಿ ಒಂದು ವರ್ಡಿನ (ಮೆಮೊರಿಯ ಒಂದು ಖಾನೆ) ಅಡ್ರೆಸ್ ಭಾಗ, ಡಿಕ್ರಿಮೆಂಟ್ ಭಾಗ ಅಂತ ಇದ್ದವು. ಹೆಸರಲ್ಲಿರೋ a, d ಅಕ್ಷರ ಅಲ್ಲಿಂದ ಬಂದವು. ಯಂತ್ರ ಹೋಯ್ತು, ಹೆಸರು ಉಳೀತು. ಲಿಂಕ್, ಇನ್ಫೋ (ಡೇಟಾ), ಅವೇಲ್ (ಬಳಸದೆ ಬಿದ್ದಿರೋ ನೋಡುಗಳ ಪಟ್ಟಿ) ಅನ್ನೋವು 1968ರ ಕ್ನೂತ್ ಅವರ ಪ್ರೋಗ್ರಾಮಿಂಗ್ ಪುಸ್ತಕದಲ್ಲೇ ಇವೆ.

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಟೇಲ್. ಸಿ ಕಲಿತವನಿಗೆ ಟೇಲ್ ಅಂದ್ರೆ ಕೊನೇ ನೋಡ್. ಇನ್ನೊಂದು ಭಾಷೆ ಹ್ಯಾಸ್ಕೆಲ್‌ನಲ್ಲಿ ಮೊದಲನೆಯದು ಬಿಟ್ಟು ಉಳಿದದ್ದೆಲ್ಲ ಟೇಲ್. 1, 2, 3 ಕೊಟ್ಟರೆ 2, 3 ಬರುತ್ತೆ. ಕೊನೆಯದು ಬೇಕಾದರೆ ಲಾಸ್ಟ್ ಅನ್ನಬೇಕು. ಹಲ್ಲಿಗೆ ಬಾಲ ಅಂದರೆ ತುದಿ, ಹಾವಿಗೆ ಬಾಲ ಎಲ್ಲಿಂದ ಶುರು ಅಂತ ಯಾರು ಹೇಳ್ತಾರೆ? ಹಾಗಾಗಿ ಕೊನೇ ನೋಡ್ ಬೇಕಾದರೆ ಬಾಯಿ ಬಿಟ್ಟು "ಕೊನೇ ನೋಡ್" ಅನ್ನಿ.

ಮಿರ್ಚಿ ಮಂಡಕ್ಕಿ

ಎಲ್ಲ ಕನ್ನಡದಲ್ಲೇ ಹೇಳಿಬಿಡಿ ಮಿಸ್, ತಲೆ, ಬಾಲ, ಕೊಂಡಿ. ಆದ್ರೆ ಬ್ರಾಕೆಟಲ್ಲಿ ಇಂಗ್ಲಿಷೂ ಬರೆಸಿ. ನಾನು ಇಂಟರ್‌ವ್ಯೂನಲ್ಲಿ ಪೈಥಾನ್ ಲಿಸ್ಟ್ ಅಂದ್ರೆ ಲಿಂಕ್ಡ್ ಲಿಸ್ಟ್ ಅಂದು ಸಿಕ್ಕಿಹಾಕಿಕೊಂಡಿದ್ದೆ. ಒಳಗೆ ಅದು ಅರೇ. ಸಿ ಪ್ಲಸ್ ಪ್ಲಸ್‌ನ ಲಿಸ್ಟ್ ನೋಡಿದ್ರೆ ಡಬ್ಲಿ ಲಿಂಕ್ಡ್, ಮುಂದಕ್ಕೂ ಹಿಂದಕ್ಕೂ ಕೊಂಡಿ.

ಬೆಣ್ಣೆನಗರಿ ಮಿಸ್

ಎಲ್ಲರಿಗೂ ಥ್ಯಾಂಕ್ಸ್. ಹೆಡ್ ಅನ್ನೋದನ್ನು ಚೀಟಿಗೆ ಮಾತ್ರ ಇಟ್ಟೆ. ಮೊದಲ ನೋಡ್ ಮೊದಲ ನೋಡೇ. ಖಾಲಿ ನೋಡ್‌ಗೆ ಕ್ಲಾಸಲ್ಲಿ ಇಂಜಿನ್ ಅಂತೀವಿ, ಉತ್ತರ ಪತ್ರಿಕೆಯಲ್ಲಿ ಹೆಡರ್ ಅಂತ ಬರೀರಿ ಅಂದಿದ್ದೇನೆ.

ಇವತ್ತು ಲ್ಯಾಬಲ್ಲಿ ಒಬ್ಬಳ ಪ್ರೋಗ್ರಾಂ ಲಿಸ್ಟನ್ನು ಒಮ್ಮೆ ಸರಿಯಾಗಿ ಪ್ರಿಂಟ್ ಮಾಡಿತು, ಎರಡನೇ ಸಲ ಏನೂ ಇಲ್ಲ. ಲೂಪ್ ಒಳಗೆ "ಹೆಡ್ ಈಕ್ವಲ್ಸ್ ಹೆಡ್ ಆ್ಯರೋ ನೆಕ್ಸ್ಟ್" ಅಂತ ಬರೆದು ಹೆಡ್ಡನ್ನೇ ಮುಂದೆ ಸರಿಸಿದ್ದಳು. ಹೋದ ವರ್ಷ ಇದೇ ತಪ್ಪನ್ನು ಬಿಡಿಸಿ ಹೇಳೋಕೆ ನನಗೆ ಒಂದು ಪೀರಿಯಡ್ ಹಿಡಿದಿತ್ತು. ಈ ಸಲ ನಾನು ಹತ್ತಿರ ಹೋಗುವಷ್ಟರಲ್ಲಿ ಪಕ್ಕದ ಕಂಪ್ಯೂಟರಿನವಳು, "ಲೇ, ಇದ್ದ ಒಂದು ಚೀಟಿನೂ ತಿದ್ದಿಬಿಟ್ಟಿದೀಯಲ್ಲೇ! ಈಗ ಬೋಗಿಗಳು ಎಲ್ಲಿವೆ ಅಂತ ಯಾರಿಗೆ ಗೊತ್ತು? ನಕಲು ಮಾಡ್ಕೊಂಡು ಅದನ್ನ ಮುಂದೆ ಸರಿಸು" ಅಂದಳು. ಟೆಂಪ್ ಅನ್ನೋ ಹೆಸರು ತೆಗೆದು ನಕಲು ಅಂತಲೇ ವೇರಿಯಬಲ್ ಇಟ್ಟಿದ್ದಾರೆ, ನಾನೂ ತಿದ್ದಲಿಲ್ಲ.

ಹರಿಹರದವನಿಗೆ ದೋಸೆ ಬಾಕಿ ಇದೆ. ಅವನು ಈಗ ಗಾರ್ಡ್ ಡಬ್ಬಿ ಎಣಿಸಬೇಕಾ ಅಂತ ಕೇಳ್ತಿದ್ದಾನೆ.