ಹಾಸನದ ಊಟವನ್ನು ಹಾಸನದಲ್ಲಿ ಎಲ್ಲಿ ಹುಡುಕಬೇಕು?

ಸಾಲಗಾಮೆ ರಸ್ತೆಯ ಹೊಸಬ:

ನಾನು ಕಲಬುರಗಿಯ ಕಡೆಯವನು. ವರ್ಗಾವಣೆಯ ಮೇಲೆ ಹಾಸನಕ್ಕೆ ಬಂದು ಸಾಲಗಾಮೆ ರಸ್ತೆಯ ಬಳಿ ಬಾಡಿಗೆ ಮನೆಯಲ್ಲಿದ್ದೇನೆ. ಊರು ಹಿಡಿಸಿದೆ, ಹವೆಯಂತೂ ನಮ್ಮ ಬಿಸಿಲಿನ ಸೀಮೆಯವರಿಗೆ ವರವೇ ಸರಿ. ಆದರೆ ಬಿ.ಎಂ. ರಸ್ತೆಯ ಉದ್ದಕ್ಕೂ ಎಲ್ಲಿ ಕುಳಿತರೂ ಮಸಾಲೆ ದೋಸೆ, ಗೋಬಿ ಮಂಚೂರಿ, ಪನೀರು, ಫ್ರೈಡ್ ರೈಸ್ ಇವುಗಳೇ ಬರುತ್ತವೆ. ನಮ್ಮಲ್ಲಿ ಸಾಧಾರಣ ಖಾನಾವಳಿಯೊಂದನ್ನು ಹೊಕ್ಕರೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಾವಾಗಿಯೇ ತಟ್ಟೆಗೆ ಬರುತ್ತವೆ. ಹಾಗೆ ಹಾಸನದ್ದು ಎನ್ನಬಹುದಾದ ಊಟ ಯಾವುದು, ಅದು ಪೇಟೆಯಲ್ಲಿ ಏಕೆ ಕಾಣಿಸುವುದಿಲ್ಲ ಎಂಬುದನ್ನು ಇಲ್ಲಿಯವರು ದಯವಿಟ್ಟು ತಿಳಿಸಬೇಕು.

ವಿದ್ಯಾನಗರದ ಓದುಗ:

ಮಾಂಸಾಹಾರಿಗಳಾದರೆ ಯಾವುದಾದರೂ ಮಿಲಿಟರಿ ಹೋಟೆಲಿಗೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಬಿಸಿ ರಾಗಿ ಮುದ್ದೆಯ ಜೊತೆ ನಾಟಿ ಕೋಳಿ ಸಾರು ಕೇಳಿರಿ. ತಡವಾದರೆ ಮುದ್ದೆ ಆರಿ ಗಟ್ಟಿಯಾಗಿರುತ್ತದೆ. ಸಸ್ಯಾಹಾರಿಗಳಾದರೆ ಉತ್ತರ ಇಷ್ಟು ಸುಲಭವಲ್ಲ.

ಸಂತೆಪೇಟೆಯ ಹಳೆಯ ನಿವಾಸಿ:

ನಾನು ಇಲ್ಲಿ ಹೆಚ್ಚಾಗಿ ಓದುವವನೇ ಹೊರತು ಬರೆಯುವವನಲ್ಲ. ಆದರೂ ಈ ಪ್ರಶ್ನೆ ನಮ್ಮ ಊರಿನ ಹೊಟ್ಟೆಗೆ ಸಂಬಂಧಿಸಿದ್ದಾದ್ದರಿಂದ, ಮನಸ್ಸಿನಲ್ಲಿರುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಾಸನ ನಿಂತಿರುವುದು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಜಾಗದಲ್ಲಿ. ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಕಲೇಶಪುರದ ಕಾಫಿ, ಏಲಕ್ಕಿ, ಗದ್ದೆಗಳ ಸೀಮೆ. ಈಶಾನ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಅರಸೀಕೆರೆಯ ತೆಂಗು, ರಾಗಿಯ ಒಣಸೀಮೆ. ಎರಡೂ ಕಡೆಯ ಜನ ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆಂದು ಬಂದು ಇಲ್ಲಿ ನೆಲೆಸಿದರು. ಅವರ ಅಡುಗೆಯೂ ಜೊತೆಗೇ ಬಂತು. ಒಂದೇ ಬೀದಿಯಲ್ಲಿ ಒಂದು ಮನೆಯವರು ಅಕ್ಕಿಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಿ, ನಾದಿ, ತೆಳ್ಳಗೆ ಮಾಡಿ ಕೆಂಡದ ಮೇಲೆ ಉಬ್ಬಿಸಿ ರೊಟ್ಟಿ ಮಾಡಿದರೆ, ಪಕ್ಕದ ಮನೆಯವರು ಹಸಿಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪು, ತೆಂಗಿನಕಾಯಿ ತುರಿ ಬೆರೆಸಿ ಕಾವಲಿಯ ಮೇಲೆಯೇ ತಟ್ಟುತ್ತಾರೆ. ಒಂದು ಮನೆಯಲ್ಲಿ ಕಡುಬು ಮತ್ತು ಕಾಯಿಹಾಲಿನೊಡನೆ ಒತ್ತುಶಾವಿಗೆ, ಇನ್ನೊಂದರಲ್ಲಿ ಮುದ್ದೆ, ಬಸ್ಸಾರು, ಹುರುಳಿಕಟ್ಟು. ಇವುಗಳಲ್ಲಿ ಯಾವುದೋ ಒಂದನ್ನು ಆರಿಸಿ ಇದೇ ಹಾಸನದ ಊಟ ಎಂದು ಫಲಕ ಬರೆಸಲು ಬರುವುದಿಲ್ಲ. ಎರಡೂ ಇಲ್ಲಿಯವೇ.

ಹೋಟೆಲಿನಲ್ಲಿ ಇವು ಏಕೆ ಇಲ್ಲ ಎಂದು ತಾವು ಕೇಳಿದ್ದೀರಿ. ನನಗೆ ತಿಳಿದ ಮಟ್ಟಿಗೆ, ನಮ್ಮ ಅಡುಗೆ ಋತುವನ್ನು ನಂಬಿಕೊಂಡದ್ದು, ಹೋಟೆಲಿಗೆ ಬೇಕಾದದ್ದು ಹನ್ನೆರಡು ತಿಂಗಳೂ ಒಂದೇ ಪಟ್ಟಿ. ಸೊಗಡಿನ ಅವರೆಯನ್ನೇ ನೋಡಿರಿ. ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂಬಿಡುವ ಗಿಡ. ಆದ್ದರಿಂದ ಧನುರ್ಮಾಸದ ಇಬ್ಬನಿಯಲ್ಲಿ ಕಾಯಿ ತುಂಬಿ ಸಂಕ್ರಾಂತಿಯ ಹೊತ್ತಿಗೆ ಪೇಟೆಗೆ ಬರುತ್ತದೆ. ಆ ಪರಿಮಳ ಇರುವುದು ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ. ಕಾಯಿ ಸುಲಿದ ಬೆರಳುಗಳು ಸಂಜೆಯವರೆಗೂ ಘಮಘಮಿಸುತ್ತವೆ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದಾಗಿ ಹಿತುಕಿ, ಹಿತಕಿದ ಬೇಳೆ ಸಾರು ಮಾಡಲು ಬೇಕಾಗುವ ತಾಳ್ಮೆ ನೂರಾರು ಊಟ ಬಡಿಸುವ ಅಡುಗೆಮನೆಯಲ್ಲಿ ಸಾಧ್ಯವಿಲ್ಲ. ಬೆರಕೆ ಸೊಪ್ಪಿನ ಸ್ಥಿತಿಯೂ ಹಾಗೆಯೇ. ಅಣ್ಣೆ, ಗಣಿಕೆ, ಹೊನಗನ್ನೆ, ಕಿರಕಸಾಲೆಗಳನ್ನು ಯಾರೂ ಬಿತ್ತಿ ಬೆಳೆಯುವುದಿಲ್ಲ. ಹೊಲದಲ್ಲಿ ತಾವಾಗಿಯೇ ಹುಟ್ಟಿದ್ದನ್ನು ಆಯ್ದು ತಂದು ಮಾರುತ್ತಾರೆ, ಅದೂ ಒಂದು ಮಂಕರಿಯಷ್ಟು ಮಾತ್ರ.

ಆದ್ದರಿಂದ ಹಾಸನದ ಊಟವನ್ನು ಹೋಟೆಲಿನ ಪಟ್ಟಿಯಲ್ಲಿ ಹುಡುಕುವುದಕ್ಕಿಂತ, ಬೆಳಗಿನ ಹೊತ್ತು ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ, ವಾರದ ಸಂತೆಯಲ್ಲಿ, ಗೋಣಿಚೀಲ ಹಾಸಿಕೊಂಡು ಕುಳಿತವರ ಮುಂದೆ ಹುಡುಕಬೇಕು. ನಗರ ಜೀವನದ ಬಗ್ಗೆ ನನಗಿರುವ ಗಟ್ಟಿಯಾದ ಅಭಿಪ್ರಾಯವೂ ಇದರಿಂದಲೇ ಹುಟ್ಟಿದ್ದು. ಊರು ಏನನ್ನು ಉಣ್ಣುತ್ತದೆ ಎಂಬುದನ್ನು ಹೋಟೆಲು ಮಾಲೀಕರಿಗಿಂತ ಹೆಚ್ಚಾಗಿ ನಿರ್ಧರಿಸುವುದು, ಹಳ್ಳಿಯಿಂದ ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬರುವ ಹೆಂಗಸಿಗೆ ಈ ಊರಿನಲ್ಲಿ ಕೂರಲು ನಾಲ್ಕು ಅಡಿ ಜಾಗ ಉಂಟೋ ಇಲ್ಲವೋ ಎಂಬ ಸಂಗತಿ. ರಸ್ತೆ ಅಗಲವಾಗಲಿ, ಬೇಡವೆನ್ನುವುದಿಲ್ಲ. ಆದರೆ ಪಾದಚಾರಿ ಮಾರ್ಗವೆಲ್ಲ ಬೈಕು ಕಾರುಗಳ ನಿಲ್ದಾಣವಾಗಿ, ಸೊಪ್ಪು ಮಾರುವವರು ಮಾತ್ರ ಅಡಚಣೆ ಎನಿಸಿಕೊಳ್ಳುವುದನ್ನು ನೋಡಿದರೆ ನನಗೆ ಬಹಳ ನೋವಾಗುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ನಗರದ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. 50 ವರ್ಷಕ್ಕೂ ಮೀರಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸಬಾರದು ಎಂದೂ ಅದರಲ್ಲಿದೆ. ನಮ್ಮ ಸಂತೆಗಳ ವಿಷಯದಲ್ಲಿ ಈ ಮಾತನ್ನು ಹಿಡಿದು ಕೇಳುವವರು ನಾವೇ ಆಗಬೇಕಲ್ಲವೇ?

ದುದ್ದದ ಕಡೆಯ ಬೇಸಾಯಗಾರ:

ಹಿರಿಯರ ಮಾತು ಬಹುಪಾಲು ಸರಿ. ಆದರೆ ಒಂದು ವಿಷಯವನ್ನು ರೈತನ ಕಡೆಯಿಂದಲೂ ಹೇಳಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಸೊಗಡು ಕಡಿಮೆ ಎಂಬುದು ನಿಜ. ಆದರೂ ನೀರಿರುವವನಿಗೆ ಬೇಸಿಗೆಯಲ್ಲಿಯೂ ನಾಲ್ಕು ಕಾಸು ಸಿಗುವುದು ಅವುಗಳಿಂದಲೇ. ಬರಿಯ ರುಚಿಯ ಹೆಸರಿನಲ್ಲಿ ಅವನ್ನು ತೆಗೆದುಹಾಕಲಾಗದು.

ಹಾಸನದ ಹೆಸರಿನೊಡನೆ ಸೇರಿಕೊಂಡಿದ್ದ ಆಲೂಗಡ್ಡೆಯನ್ನು ಯಾರೂ ನೆನೆಯಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಪಂಜಾಬಿನ ಜಲಂಧರದಿಂದ ಬಿತ್ತನೆ ಗಡ್ಡೆ ಹೇರಿಕೊಂಡ ಲಾರಿಗಳು ಎ.ಪಿ.ಎಂ.ಸಿ. ಅಂಗಳಕ್ಕೆ ಬಂದು, ಮುಂಗಾರಿನ ಮೊದಲ ಹದಕ್ಕೆ ಅದನ್ನು ನೆಟ್ಟು, ಮಳೆಯನ್ನೇ ನಂಬಿ ಬೆಳೆಯುತ್ತಿದ್ದೆವು. ಮೋಡ ಮುಚ್ಚಿ ಜಿನುಗುವ ಮಳೆ ಹಿಡಿದರೆ ಅಂಗಮಾರಿ ಬಂದು, ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಸುಟ್ಟಂತಾಗುತ್ತದೆ. ಬೀಜದ ಬೆಲೆ, ಔಷಧಿಯ ಖರ್ಚು, ಮೇಲೆ ಈ ರೋಗ ಎಲ್ಲವೂ ಸೇರಿ ಬಹಳ ಜನ ಮೆಕ್ಕೆಜೋಳಕ್ಕೂ ಶುಂಠಿಗೂ ತಿರುಗಿದರು. ಬೆರಕೆ ಸೊಪ್ಪು ಕಡಿಮೆಯಾದುದಕ್ಕೂ ಇದೇ ಕಾರಣವಿದೆ: ಮೆಕ್ಕೆಜೋಳಕ್ಕೆ ಹೊಡೆಯುವ ಕಳೆನಾಶಕ ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುತ್ತದೆ, ಸಾರಿಗೆ ಬೇಕಾದ ಅಣ್ಣೆ ಸೊಪ್ಪೂ ಅದಕ್ಕೆ ಕಳೆಯೇ. ಹೊಲದಲ್ಲಿಯೇ ಇಲ್ಲದ ಮೇಲೆ ಸಂತೆಯಲ್ಲಿ ಎಷ್ಟು ಜಾಗ ಬಿಟ್ಟರೂ ಸೊಪ್ಪು ಬರುವುದಿಲ್ಲ.

ಸಂತೆಪೇಟೆಯ ಹಳೆಯ ನಿವಾಸಿ:

ತಮ್ಮ ಮಾತನ್ನು ಒಪ್ಪುತ್ತೇನೆ. ಜಾಗವೊಂದಿದ್ದರೆ ಸಾಕು ಎಂದು ನಾನು ಹೇಳಲಾರೆ. ಆದರೆ ರಾಗಿ ಹೊಲದ ಬದುವಿನಲ್ಲಿ ಇನ್ನೂ ಸೊಪ್ಪು ಕೀಳುವ ಮನೆಗಳಿವೆ; ಅವರು ತಂದದ್ದು ಒಂಬತ್ತು ಗಂಟೆಯೊಳಗೆ ಖರ್ಚಾದರೆ ನಾಳೆಯೂ ತರುತ್ತಾರೆ, ಬಾಡಿ ವಾಪಸ್ಸು ಹೋದರೆ ತರುವುದಿಲ್ಲ. ಕೊಳ್ಳುವವರು ಚೌಕಾಸಿ ಮಾಡದೆ ಕೊಳ್ಳುವುದೂ ಇದರಲ್ಲಿ ಸೇರುತ್ತದೆ.

ಸಾಲಗಾಮೆ ರಸ್ತೆಯ ಹೊಸಬ:

ಇಷ್ಟು ವಿವರ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಈ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿದ್ದೆ. ಒಬ್ಬ ಅಜ್ಜಿ ಬಿದಿರಿನ ಮೊಳಕೆಯನ್ನು ಹೋಳು ಮಾಡಿ ಮಾರುತ್ತಿದ್ದರು. ಕಳಲೆ ಎಂದು ಹೇಳಿದರು. ಕೊಂಡುತರಲು ಧೈರ್ಯವಾಗಲಿಲ್ಲ. ಅದನ್ನು ಹೇಗೆ ಅಡುಗೆ ಮಾಡಬೇಕು?

ಕೆ.ಆರ್. ಪುರಂ ಗೃಹಿಣಿ:

ನನ್ನ ತವರು ಸಕಲೇಶಪುರದ ಕಡೆ, ಆದ್ದರಿಂದ ಇದನ್ನು ನಾನು ಹೇಳಬಹುದು. ಕಳಲೆಯನ್ನು ತಂದ ದಿನವೇ ಬೇಯಿಸಿ ತಿನ್ನಬಾರದು; ಹಸಿ ಕಳಲೆಯಲ್ಲಿ ವಿಷದ ಅಂಶವಿರುತ್ತದೆ. ಹೊರಗಿನ ಸಿಪ್ಪೆಯನ್ನು ಪೂರ್ತಿ ತೆಗೆದು, ಎಳೆಯ ಭಾಗವನ್ನು ಮಾತ್ರ ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಎರಡು ಮೂರು ದಿನ ನೆನೆಹಾಕಬೇಕು, ನೀರನ್ನು ಪ್ರತಿದಿನ ಬದಲಿಸಬೇಕು. ಅನಂತರ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಮೊಳಕೆ ಬರಿಸಿದ ಹೆಸರುಕಾಳಿನ ಜೊತೆ ಪಲ್ಯ ಮಾಡಿ, ಉಕ್ಕರಿಸಿದ ಹಿಟ್ಟಿನ ಅಕ್ಕಿರೊಟ್ಟಿಯೊಡನೆ ತಿಂದರೆ ಮಳೆಗಾಲದಲ್ಲಿ ಅದಕ್ಕಿಂತ ರುಚಿಯಾದದ್ದು ನನಗೆ ಬೇರೆ ಕಾಣೆ. ಹೆಚ್ಚು ಸಿಕ್ಕಾಗ ನಾವು ಉಪ್ಪುನೀರಿನಲ್ಲಿ ಹಾಕಿ ಭರಣಿಯಲ್ಲಿ ಇಡುತ್ತೇವೆ. ನೆನೆಸುವಾಗ ಬರುವ ಹುಳಿವಾಸನೆ ಹೊಸಬರಿಗೆ ಹಿಡಿಸದಿರಬಹುದು. ಆದ್ದರಿಂದ ಪಾತ್ರೆಯನ್ನು ಅಡುಗೆಮನೆಯ ಹೊರಗೆ ಮುಚ್ಚಿಡಿ, ಮೊದಲ ಸಲಕ್ಕೆ ಕಾಲು ಕಿಲೋ ತಂದರೆ ಸಾಕು.