ಬೂದು ಸೋಫಾ, ಬಿಳಿ ಗೋಡೆ: ಮೈಸೂರು ಚಿತ್ರ ಎಲ್ಲಿ ಹಾಕೋದು?

ಹೊಸಮನೆ_11:
ನಮಸ್ಕಾರ. ಬೆಂಗಳೂರಲ್ಲಿ 11ನೇ ಮಹಡಿ ಫ್ಲ್ಯಾಟು, ಮೈವಾನ್ ಗೋಡೆ (ಇಟ್ಟಿಗೆಯಲ್ಲ, ಅಚ್ಚಿನಲ್ಲಿ ಎರೆದ ಕಾಂಕ್ರೀಟು). ಹಾಲ್ 11×14 ಅಡಿ, ಎತ್ತರ ಒಂಬತ್ತೂವರೆ. ಬಿಳಿ ಗೋಡೆ, ಬೂದು ಸೋಫಾ (ಆರೂವರೆ ಅಡಿ ಉದ್ದ, ಬೆನ್ನು 33 ಇಂಚು ಎತ್ತರ). ಕೈಲಿರೋದು: 18×24 ಇಂಚಿನ ಮೈಸೂರು ಶೈಲಿಯ ಸರಸ್ವತಿ, ಇನ್ನೂ ಕಟ್ಟು ಹಾಕಿಸಿಲ್ಲ, ಕಾಗದದ ಮೇಲೆ ಬರೆದ 12×12ರ ಎರಡು ಹಸೆ ಚಿತ್ತಾರ (ಮಲೆನಾಡಿನ ಜನಪದ ಗೆರೆಚಿತ್ರ), ಎರಡಡಿಯ ಒಂದು ತೊಗಲುಗೊಂಬೆ. ಮನೆಯೆಲ್ಲ ಮಾಡರ್ನ್, ಹಾಲ್ ದೇವರಕೋಣೆ ಥರ ಕಾಣಬಾರದು. ಸೋಫಾ ಹಿಂದೆ ಸರಸ್ವತಿ ನಡುವೆ, ಚಿತ್ತಾರ ಅಕ್ಕಪಕ್ಕ ಅಂತ ಯೋಚನೆ. ಸರಿಯಾ?

ಕುಂಚಕಡ್ಡಿ:
ಹಾಗೆ ಮಾತ್ರ ಹಾಕಬೇಡಿ. ನಡುವೆ ದೇವಿ, ಎಡಬಲಕ್ಕೆ ದ್ವಾರಪಾಲಕರಂತೆ ಒಂದೊಂದು ಚಿತ್ತಾರ ಅಂದರೆ ಮಂಗಳಾರತಿ ತಟ್ಟೆಯೊಂದೇ ಬಾಕಿ. ಚಿತ್ರ ಒಂದು ಪಕ್ಕಕ್ಕಿರಲಿ, ಅದರ ಬಲಕ್ಕೆ ಎರಡು ಚಿತ್ತಾರ ಒಂದರ ಕೆಳಗೊಂದು.

ಲೆಕ್ಕ ಹೀಗೆ. ಸರಸ್ವತಿಗೆ ದಂತಬಣ್ಣದ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಾಗಿ ಕೂರುವ ರಟ್ಟು), ಮೂರು ಕಡೆ ಎರಡೂವರೆ ಇಂಚು, ಕೆಳಗೆ ಮಾತ್ರ ಮೂರು. ಮುಕ್ಕಾಲು ಇಂಚಿನ ಸಾದಾ ತೇಗದ ಪಟ್ಟಿ. ಹೊರ ಅಳತೆ 24.5×31 ಆಗುತ್ತದೆ. ಚಿತ್ತಾರಕ್ಕೆ ಮೌಂಟ್ ಬೇಡ, ಅಂಚಿನವರೆಗೂ ಓಡುವ ಗೆರೆ ಉಸಿರಾಡಲಿ. ಒಂದೂಕಾಲು ಇಂಚಿನ ಪಟ್ಟಿ ಕೊಟ್ಟರೆ ಒಂದೊಂದು 14.5. ನಡುವೆ ಎರಡಿಂಚು ಬಿಟ್ಟರೆ ಎರಡೂ ಸೇರಿ ಸರಿಯಾಗಿ 31, ಮೇಲೂ ಕೆಳಗೂ ಅಂಚು ಕೂಡುತ್ತದೆ. ಒಟ್ಟು ಅಗಲ 41 ಇಂಚು. ಸೋಫಾದ ಮೂರನೇ ಎರಡು ಭಾಗ ಅಂದರೆ 52, ಉಳಿದ ಜಾಗ ನಿಲ್ಲುವ ದೀಪಕ್ಕೋ ಕುಂಡಕ್ಕೋ.

ಕೆಳ ಅಂಚು ಸೋಫಾ ಬೆನ್ನಿನಿಂದ ಏಳಿಂಚು ಮೇಲೆ. ಆಗ ಚಿತ್ರದ ನಡು ನೆಲದಿಂದ ಸುಮಾರು 55 ಇಂಚಿಗೆ ಬರುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಬಾಗಿಲ ಚೌಕಟ್ಟಿನ ಮೇಲೆ ನೇತುಹಾಕುವ ರೂಢಿ. ಅಲ್ಲಿ ಹಾಕಿದ್ದಕ್ಕೆ ಹೂ ಏರಿಸಬಹುದು, ನೋಡಲಾಗುವುದಿಲ್ಲ.

ಕೆತ್ತನೆಯ ದಪ್ಪ ಕಟ್ಟು ಬೇಡ. ತಂಜಾವೂರು ಚಿತ್ರದ ಉಬ್ಬು, ಕಲ್ಲುಗಳಿಗೆ ಅದು ಒಪ್ಪುತ್ತದೆ. ಮೈಸೂರಿನದು ತೆಳು ಉಬ್ಬು, ನವಿರು ಗೆರೆ. ದಪ್ಪ ಕಟ್ಟು ಅದನ್ನು ನುಂಗಿಬಿಡುತ್ತದೆ.

ಗೋಡೆಗೆಲಸ:
ಬಾಲ್ಕನಿ ಯಾವ ದಿಕ್ಕಿಗೆ? ಸೋಫಾ ಗೋಡೆಗೆ ಎದುರಾ?

ಹೊಸಮನೆ_11:
ಹೌದು, ಪಶ್ಚಿಮಕ್ಕೆ, ಸೋಫಾಕ್ಕೆ ನೇರ ಎದುರು. ಊಟದ ಮೇಜಿನ ಪಕ್ಕದ ಉತ್ತರದ ಗೋಡೆ ಏಳಡಿ ಖಾಲಿ ಇದೆ.

ಗೋಡೆಗೆಲಸ:
ಹಾಗಾದರೆ ಕುಂಚಕಡ್ಡಿಯವರ ಜೋಡಣೆಯನ್ನು ಹಾಗೇ ಎತ್ತಿ ಉತ್ತರದ ಗೋಡೆಗೆ ಕಳಿಸಿ. ಬಾಲ್ಕನಿ ಎದುರು ಗಾಜಿನ ಚಿತ್ರ ಹಾಕಿದರೆ ಕಾಣುವುದು ಸರಸ್ವತಿಯಲ್ಲ, ನಿಮ್ಮ ಗ್ರಿಲ್ಲು. ಸಂಜೆ ಬಿಸಿಲು ನೇರ ಬಿದ್ದರೆ ಚಿತ್ತಾರದ ಸಸ್ಯಮೂಲದ ಹಳದಿ ಮೊದಲು ಮಂಕಾಗುತ್ತದೆ.

ಗಾಜು ಚಿತ್ರಕ್ಕೆ ತಾಗಬಾರದು, ಮಳೆಗಾಲದ ತೇವಕ್ಕೆ ಬಣ್ಣ ಅಂಟಿಕೊಳ್ಳುತ್ತದೆ. ಸರಸ್ವತಿಗೆ ಮೌಂಟ್ ಅಂತರ ಕೊಡುತ್ತದೆ, ಆದರೂ ಉಬ್ಬು ತಾಗದಷ್ಟು ದಪ್ಪ ಇದೆಯಾ ನೋಡಿಕೊಳ್ಳಿ. ಚಿತ್ತಾರಕ್ಕೆ ಮೌಂಟ್ ಇಲ್ಲವಾದ್ದರಿಂದ ಒಳಗೆ ಅಂಚಿಗೆ 3 ಎಂಎಂ ಪಟ್ಟಿ ಹಾಕಿಸಲೇಬೇಕು. ಬಿಳಿ ಗೆರೆ ಅಕ್ಕಿ ಹಿಟ್ಟಿನದಾದರೆ ಪುಸ್ತಕ ತಿನ್ನುವ ಬೆಳ್ಳಿಹುಳಕ್ಕೆ ಅದು ಊಟ. ಹಿಂಭಾಗ ಕಾಗದದ ಟೇಪಿನಿಂದ ಪೂರ್ತಿ ಮುಚ್ಚಿಸಿ.

ತೂಕ: ದೊಡ್ಡ ಕಟ್ಟಿಗೆ 3 ಎಂಎಂ ಗಾಜೊಂದೇ ಸುಮಾರು 3.3 ಕಿಲೊ, ಅಕ್ರಿಲಿಕ್ ಅದರರ್ಧ. ಅಂಟುವ ಹುಕ್ ನಂಬಬೇಡಿ. ಅಂಟು ಬಿಡುವುದಿಲ್ಲ, ಪುಟ್ಟಿಯನ್ನೇ ಕಿತ್ತುಕೊಂಡು ಬೀಳುತ್ತದೆ. ಮೈವಾನ್ ಕಾಂಕ್ರೀಟಿಗೆ ಮೊಳೆ ಹೊಡೆದರೆ ಬಾಗುತ್ತದೆ; ಹ್ಯಾಮರ್ ಡ್ರಿಲ್, 6 ಎಂಎಂ ಬಿಟ್, 40 ಎಂಎಂ ಆಳ. ತೂತಿನ ಪುಡಿ ಊದಿ ತೆಗೆಯದಿದ್ದರೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಒಳಗೇ ತಿರುಗುತ್ತದೆ. ಕಂಬಿ ಸಿಕ್ಕರೆ ಒತ್ತಬೇಡಿ, ಒಂದಿಂಚು ಸರಿಸಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಲೇಬೇಡಿ, ವೈರಿನ ಪೈಪು ಅಲ್ಲೇ ಇಳಿದಿರುತ್ತದೆ. ಮೊದಲು ವೃತ್ತಪತ್ರಿಕೆ ಅದೇ ಅಳತೆಗೆ ಕತ್ತರಿಸಿ ಎರಡು ದಿನ ಅಂಟಿಸಿಡಿ. ದೊಡ್ಡದಕ್ಕೆ ಎರಡು ಸ್ಕ್ರೂ. ಒಂದರಲ್ಲಿ ನೇತಾಡಿಸಿದರೆ ಬಾಗಿಲು ಬಡಿದಾಗಲೆಲ್ಲ ವಾಲುತ್ತದೆ. ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ರಬ್ಬರ್ ಬಿಲ್ಲೆ, ಗಾಳಿಯಾಡಲಿ.

ಕುಂಚಕಡ್ಡಿ:
ಒಪ್ಪಿದೆ, ದಿಕ್ಕು ಕೇಳಬೇಕಿತ್ತು. ಜೋಡಣೆಯ ನಡು 57 ಇಂಚಿಗೆ ಬರಲಿ, ಅಲ್ಲಿ ಸೋಫಾ ಅಡ್ಡಿಯಿಲ್ಲ.

ಬೆಳಕು ಮುಖ್ಯ. ಸರಸ್ವತಿಯ ಚಿನ್ನದ ಹಾಳೆ ಎದುರು ಬೆಳಕಿಗೆ ಸಪ್ಪೆ, ಓರೆ ಬೆಳಕಿಗೆ ಏಳುತ್ತದೆ. ಸೀಲಿಂಗಿನಲ್ಲಿ ಗೋಡೆಯಿಂದ 33 ಇಂಚು ದೂರಕ್ಕೆ ತಿರುಗಿಸಬಹುದಾದ ಎಲ್‌ಇಡಿ ಹಾಕಿ, ಬೆಳಕು ಚಿತ್ರದ ನಡುವಿಗೆ 30 ಡಿಗ್ರಿ ಓರೆಯಲ್ಲಿ ಬೀಳುತ್ತದೆ. 3000 ಕೆಲ್ವಿನ್ (ಬೆಚ್ಚನೆಯ ಹಳದಿ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಮೇಲೆ. ಬಿಳಿ 6500ರಲ್ಲಿ ಚಿತ್ತಾರದ ಕೆಮ್ಮಣ್ಣು ಇಟ್ಟಿಗೆಪುಡಿಯಂತೆ ಕಾಣುತ್ತದೆ. ಧೂಳಿಗೆ ಒದ್ದೆಬಟ್ಟೆ ಹಚ್ಚಬೇಡಿ, ಗಾಜಿಗೂ ದ್ರಾವಣವನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ. ನೇರ ಗಾಜಿಗೆ ಹೊಡೆದರೆ ಕಟ್ಟಿನ ಸಂದಿಯಿಂದ ಒಳಗಿಳಿಯುತ್ತದೆ.

ಗೋಡೆಗೆಲಸ:
ತೊಗಲುಗೊಂಬೆಯನ್ನು ಯಾರೂ ಮುಟ್ಟಿಲ್ಲ! ಅದನ್ನು ಚಿತ್ರದಂತೆ ಬಿಳಿ ಗೋಡೆಗೆ ಒತ್ತಿದರೆ ಕಂದು ಕಲೆಯಷ್ಟೇ. ಹಿಂದಿನಿಂದ ಬೆಳಕು ಬಂದರೆ ಮಾತ್ರ ಅದರ ಬಣ್ಣ, ತೂತುಗಳ ಕುಸುರಿ ಕಾಣುವುದು. ಮೂರಿಂಚು ಆಳದ ಪೆಟ್ಟಿಗೆ, ಮುಂದೆ ಹಾಲುಬಿಳಿ ಅಕ್ರಿಲಿಕ್ ಹಾಳೆ, ಒಳಗೆ ನಾಲ್ಕೂ ಅಂಚಿಗೆ ಎಲ್‌ಇಡಿ ಪಟ್ಟಿ (ನಡುವೆ ಅಂಟಿಸಿದರೆ ಚುಕ್ಕೆಚುಕ್ಕೆ ಕಾಣುತ್ತದೆ). ಗೊಂಬೆಯನ್ನು ಹಾಳೆಯ ಮುಂದೆ ದಾರದಿಂದ ನಾಲ್ಕೈದು ಕಡೆ ಸಡಿಲವಾಗಿ ಕಟ್ಟಿ. ಅಂಟು ಹಾಕಬೇಡಿ, ಎರಡು ಗಾಜಿನ ನಡುವೆ ಹಿಂಡಲೂಬೇಡಿ. ತೊಗಲು ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಜಾಗವಿಲ್ಲದಿದ್ದರೆ ಸುರುಳುತ್ತದೆ. ಬಿಸಿಲು ಬಾರದ ಓಣಿ, ಮಲಗುವ ಕೋಣೆಗೆ ಹೋಗುವ ದಾರಿ ಇದಕ್ಕೆ ತಕ್ಕ ಜಾಗ. ಸೋಫಾ ಗೋಡೆ ಖಾಲಿ ಇರಲಿ ಬಿಡಿ.