ಡಯಾನಾ ಸಾವಿಗೆ ಅಷ್ಟೊಂದು ಕಣ್ಣೀರು ಬೇಕಿತ್ತೇ?

ಟಿಳಕವಾಡಿ ವಾಸಿ, ಬೆಳಗಾವಿ:
ಆಗಸ್ಟ್ 31 ಬಂದರೆ ಪತ್ರಿಕೆಗಳಲ್ಲಿ ಮತ್ತೆ ಬ್ರಿಟನ್ನಿನ ರಾಜಕುಮಾರಿ ಡಯಾನಾ ಫೋಟೊ. 1997ರಲ್ಲಿ ಅವರು ಪ್ಯಾರಿಸ್ಸಿನ ಸುರಂಗದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಲೋಕವೇ ಅತ್ತಿತು. ಐದೇ ದಿನಕ್ಕೆ ಕಲ್ಕತ್ತಾದಲ್ಲಿ ಮದರ್ ತೆರೆಸಾ ಹೋದರು. ಆ ಸುದ್ದಿ ಈ ಗದ್ದಲದಲ್ಲಿ ಮುಳುಗಿಹೋಯಿತು. ಔತಣ, ಉಡುಪು, ವಿಹಾರನೌಕೆ ಎಂದು ಬಾಳಿದವರಿಗೆ ಇಷ್ಟು ಶೋಕವೇ? ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಸಿಂದಗಿಯ ಓದುಗ:
ಮುಳುಗಿಹೋಯಿತು ಎನ್ನುವುದು ಸರಿಯಲ್ಲ ಸರ್. ಸೆಪ್ಟೆಂಬರ್ 13ರಂದು ತೆರೆಸಾ ಅವರಿಗೆ ಪೂರ್ಣ ಸರ್ಕಾರಿ ಗೌರವದಿಂದಲೇ ಅಂತ್ಯಸಂಸ್ಕಾರ ನಡೆಯಿತು.

ನಿವೃತ್ತ ನರ್ಸ್, ಬಾಗಲಕೋಟೆ:
ಉಡುಪು, ಔತಣ ಮಾತ್ರ ಕಂಡಿತೇ ಸರ್? 1987ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಯ ಕೈಯನ್ನು ಕೈಗವಸು ಇಲ್ಲದೆ ಕುಲುಕಿದವರು ಅವರು. ಅದರ ಬೆಲೆ ನನಗೆ ಗೊತ್ತು. ನಮ್ಮ ಜಿಲ್ಲೆಯಲ್ಲಿ ಆ ರೋಗ ಹೆಚ್ಚಿದ್ದ ವರ್ಷಗಳಲ್ಲಿ ನಾನು ವಾರ್ಡಿನಲ್ಲಿದ್ದೆ. ಬುತ್ತಿ ತಂದ ಮನೆಯವರು ಅದನ್ನು ಹೊಸ್ತಿಲ ಬಳಿ ನೆಲದ ಮೇಲಿಟ್ಟು, ಒಳಗೆ ಕಾಲಿಡದೆ ಹೊರಟುಬಿಡುತ್ತಿದ್ದರು. ಹಡೆದ ತಾಯಿಯೇ ಮಗನ ಹಾಸಿಗೆ ಮುಟ್ಟಲು ಹಿಂಜರಿದದ್ದನ್ನು ನೋಡಿದ್ದೇನೆ. ಅಂಥ ಕಡೆ ಡಾಕ್ಟರರ ಹತ್ತು ಭಾಷಣಕ್ಕಿಂತ ಆ ಒಂದು ಫೋಟೊ ಹೆಚ್ಚು ಕೆಲಸಕ್ಕೆ ಬರುತ್ತಿತ್ತು. 1997ರ ಜನವರಿಯಲ್ಲಿ ಅಂಗೋಲಾದ ನೆಲಬಾಂಬುಗಳ ಹೊಲದಲ್ಲಿ ರಕ್ಷಾಕವಚ ತೊಟ್ಟು ನಡೆದವರೂ ಅವರೇ.

ಟಿಳಕವಾಡಿ ವಾಸಿ, ಬೆಳಗಾವಿ:
ಮೇಡಂ, ಕ್ಯಾಮೆರಾ ಇಲ್ಲದಿದ್ದರೂ ಕೈ ಕುಲುಕುತ್ತಿದ್ದರೇ?

ನಿವೃತ್ತ ನರ್ಸ್, ಬಾಗಲಕೋಟೆ:
ಕ್ಯಾಮೆರಾ ಬೇಕೇ ಇತ್ತು ಸರ್. ಜನರ ಅಂಜಿಕೆ ಬಿಡಿಸುವುದೇ ಅಲ್ಲಿನ ಕೆಲಸವಾಗಿತ್ತು.

ವಿಜಯಪುರದ ವಿದ್ಯಾರ್ಥಿ:
ಕಾಣದ ಊರಿನವರಿಗೆ ಅಳುವುದು ಹುಚ್ಚು ಎನ್ನುವವರಿಗೆ ನನ್ನದೊಂದು ಪ್ರಶ್ನೆ. 2023ರ ಜನವರಿಯಲ್ಲಿ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದಾಗ ಸೈನಿಕ ಶಾಲೆಯ ಮೈದಾನದತ್ತ ಹರಿದು ಬಂದ ಜನರಲ್ಲಿ ಎಷ್ಟು ಮಂದಿ ಅವರೊಂದಿಗೆ ಒಂದು ಮಾತಾದರೂ ಆಡಿದ್ದರು?

ಜಮಖಂಡಿಯ ವ್ಯಾಪಾರಿ:
ತಮ್ಮಾ, ಆ ಹೋಲಿಕೆ ಬೇಡ. ಸಮಾಧಿಯೂ ಬೇಡ, ಸ್ಮಾರಕವೂ ಬೇಡ ಎಂದು ಬರೆದಿಟ್ಟು ಹೋದವರು ಅಪ್ಪಾಜಿ. ಶರಣರ ಗುಣವನ್ನು ಮರಣದಲ್ಲಿ ನೋಡು ಎನ್ನುವುದು ಅಂಥವರಿಗೆ.

ಗೋಕಾಕದ ಪತ್ರಕರ್ತೆ:
ಅತ್ತವರನ್ನೇ ಕೇಳಬೇಕಾದ ಮಾತೊಂದಿದೆ. ಪಾನಮತ್ತ ಚಾಲಕ ಹಾಗೂ ಬೆನ್ನಟ್ಟಿದ ವಾಹನಗಳ ಘೋರ ನಿರ್ಲಕ್ಷ್ಯವೇ ಸಾವಿಗೆ ಕಾರಣವೆಂದು 2008ರಲ್ಲಿ ಲಂಡನ್ನಿನ ಜ್ಯೂರಿ ಹೇಳಿತು. ಛಾಯಾಗ್ರಾಹಕರು ಯಾರಿಗಾಗಿ ಬೆನ್ನಟ್ಟಿದರು? ಅರಮನೆಯ ಗೇಟಿಗೆ ಹೂವಿಟ್ಟವರಲ್ಲೇ ಎಷ್ಟೋ ಜನ ಆ ಫೋಟೊಗಳ ಗಿರಾಕಿಗಳು. ನಾವೂ ಏನು ಕಡಿಮೆಯಿಲ್ಲ. 2018ರಲ್ಲಿ ನಟಿ ಶ್ರೀದೇವಿ ಸ್ನಾನದ ತೊಟ್ಟಿಯಲ್ಲಿ ತೀರಿಕೊಂಡಾಗ ವಾಹಿನಿಗಳು ತೊಟ್ಟಿಯನ್ನೇ ಪರದೆಗೆ ತಂದವು. ವರದಿಗಾರನೊಬ್ಬ ಅದರಲ್ಲಿ ಮಲಗಿ ತೋರಿಸಿದ. ಈ ವೃತ್ತಿಯಲ್ಲಿರುವ ನನಗೆ ಅಂದು ತಲೆ ಎತ್ತಲಾಗಲಿಲ್ಲ. ಮನೆಮನೆಯಲ್ಲಿ ಟಿವಿ ಮಾತ್ರ ಉರಿಯುತ್ತಲೇ ಇತ್ತು.

ಟಿಳಕವಾಡಿ ವಾಸಿ, ಬೆಳಗಾವಿ:
ಗಿರಾಕಿಗಳ ಮಾತು ನೂರಕ್ಕೆ ನೂರು ಸರಿ. ಆದರೂ ಡಯಾನಾರನ್ನು ತೆರೆಸಾ ಪಕ್ಕದಲ್ಲಿ ನಿಲ್ಲಿಸಲು ನನ್ನ ಮನಸ್ಸು ಒಪ್ಪದು.

ನಿವೃತ್ತ ನರ್ಸ್, ಬಾಗಲಕೋಟೆ:
ನಾವು ನಿಲ್ಲಿಸಬೇಕಿಲ್ಲ ಸರ್. 1997ರ ಜೂನ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತೆರೆಸಾ ಅವರೇ ಡಯಾನಾರ ಕೈ ಹಿಡಿದು ಬೀದಿಯಲ್ಲಿ ನಡೆದರು.